ಯಂಕವ್ವ ಮೆತ್ತಗೆ ಮಾತಾಡಿದ ಹದಿನೈದು ದಿವಸ

ಹೆಬ್ಬಳ್ಳಿಯಲ್ಲಿ ಬೆಳಗಿನ ಏಳೂಕಾಲಿಗೆ ಎರಡು ಸಪ್ಪಳ ತಪ್ಪದೆ ಕೇಳುತ್ತಿದ್ದವು. ಒಂದು, ಧಾರವಾಡದ ಬಸ್ಸು ಬ್ರೇಕು ಹಾಕಿ ನಿಲ್ಲುವ ಕಿರುಚಾಟ. ಇನ್ನೊಂದು, ಅದರಿಂದ ಇಳಿದ ಯಂಕವ್ವನ ದನಿ. ಎರಡರಲ್ಲಿ ಯಾವುದು ದೊಡ್ಡದು ಎಂಬ ವಿಷಯದಲ್ಲಿ ಊರಲ್ಲಿ ಎರಡು ಪಕ್ಷಗಳಿದ್ದವು.

"ಸಾವಕಾರ್ರ, ಉಚ್ಚಿ ಕೆಂಪಗಿತ್ತೇನ್ರಿ ಇವತ್ತ?"

ಇದು ಓಣಿಯ ಈ ತುದಿಯಿಂದ ಕೇಳಿದ ಪ್ರಶ್ನೆ. ಉತ್ತರ ಕೊಡಬೇಕಾದ ನೀಲಕಂಠಪ್ಪನವರು ಓಣಿಯ ಆ ತುದಿಯಲ್ಲಿ, ತಮ್ಮ ಮನೆಯ ಕಟ್ಟೆಯ ಮೇಲೆ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತಿರುತ್ತಿದ್ದರು. ಅರವತ್ತೇಳು ವರ್ಷದ ಹಿರಿಯರು. ಊರಲ್ಲಿ ಕಪ್ಪು ಮಣ್ಣಿನ ಎರಿ ಹೊಲ, ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರದ ಅಂಗಡಿ. ಅವರನ್ನು ಪ್ರಶ್ನೆ ಕೇಳುವ ಧೈರ್ಯ ಇದ್ದವರೇ ಊರಲ್ಲಿ ಕಡಿಮೆ. ಅಂಥ ಪ್ರಶ್ನೆ ಕೇಳುವವಳು ಒಬ್ಬಳೇ.

ಕೇಳುವುದಕ್ಕೆ ಕಾರಣವಿತ್ತು. ನೀಲಕಂಠಪ್ಪನವರಿಗೆ ಟಿ.ಬಿ. ಆಗಿತ್ತು. ಮನೆಯವರು ಅದಕ್ಕೆ 'ನೆಗಡಿ ಎದಿಗೆ ಇಳದೈತಿ' ಎಂದು ಹೆಸರಿಟ್ಟಿದ್ದರು, ಅದು ಬೇರೆ ಮಾತು. ಆ ರೋಗದ ಗುಳಿಗೆ ನುಂಗಿದವರ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ತಿರುಗದಿದ್ದರೆ ಗುಳಿಗೆ ಹೊಟ್ಟೆಗೆ ಹೋಗಿಲ್ಲ, ಬೇರೆಲ್ಲೋ ಹೋಗಿದೆ ಎಂದರ್ಥ. ಮನುಷ್ಯ ಸುಳ್ಳು ಹೇಳುತ್ತಾನೆ, ಉಚ್ಚಿ ಹೇಳುವುದಿಲ್ಲ ಎಂಬುದು ಯಂಕವ್ವ ಹದಿನೇಳು ವರ್ಷದ ಚಾಕರಿಯಲ್ಲಿ ಕಂಡುಕೊಂಡಿದ್ದ ಸತ್ಯ.

ಆಕೆಯ ಚಾಕರಿ 'ಚೇತರಿಕೆ' ಎಂಬ ಸಂಸ್ಥೆಯಲ್ಲಿ. ರಾಯಾಪುರದಲ್ಲಿ ಟೈರಿನ ಅಂಗಡಿಯ ಮೇಲೆ ಎರಡು ಕೋಣೆ, ಅದೇ ಸಂಸ್ಥೆ. ರೋಗ ಪರೀಕ್ಷೆ ಮಾಡುವುದು ಸರ್ಕಾರ, ಗುಳಿಗೆ ಕೊಡುವುದೂ ಸರ್ಕಾರ, ಎರಡೂ ಪುಕ್ಕಟೆ. ಆದರೆ ಗುಳಿಗೆ ಡಬ್ಬಿಯಿಂದ ಹೊರಟು ಗಂಟಲಿನ ಕೆಳಗಿಳಿಯುವವರೆಗಿನ ಆ ಒಂದು ಗೇಣಿನ ದಾರಿ ಯಾವ ಇಲಾಖೆಗೂ ಸೇರಿಲ್ಲ. ದಿನಾ ಬಿಡದೆ ಆರು ತಿಂಗಳು ಆ ದಾರಿ ಕಾಯಬೇಕು. ಅದನ್ನು ಕಾಯುವುದು ಯಂಕವ್ವನಂಥವರ ಕೆಲಸ. ಸಂಸ್ಥೆಯ ವರದಿಯಲ್ಲಿ ಇದಕ್ಕೆ 'ಸಮುದಾಯಾಧಾರಿತ ಚಿಕಿತ್ಸಾ ಬೆಂಬಲ' ಎಂದಿದೆ. ಯಂಕವ್ವ ಇದನ್ನು 'ಬೈಯೂದು' ಎನ್ನುತ್ತಿದ್ದಳು.

"ನುಂಗ್ರಿ. ಬಾಯಿ ತಗೀರಿ. ನಾಲಿಗಿ ಮ್ಯಾಲೆತ್ತರಿ. ಗಲ್ಲದಾಗ ಏನೈತಿ? ಅಡಕಿ? ಉಗಳ್ರಿ ಅದನ್ನ."

ಧಾರವಾಡದ ಸಿಟ್ಟಿಗೆ ಒಂದು ಅನುಕೂಲವಿದೆ. ಎಷ್ಟೇ ಬೈದರೂ ಕೊನೆಗೊಂದು 'ರಿ' ಹಚ್ಚಿದರೆ ಮರ್ಯಾದೆ ಕೊಟ್ಟಂತೆಯೇ ಲೆಕ್ಕ. ನಮ್ಮಂಥವರಿಗೆ ಸಿಟ್ಟು ಬಂದರೆ ಪತ್ರಿಕೆಯ ವಾಚಕರ ವಾಣಿಗೆ ನಾಲ್ಕು ಸಾಲು ಬರೆದು, ಅದು ಅಚ್ಚಾದ ದಿನ ನಾಲ್ಕು ಮಂದಿಗೆ ತೋರಿಸಿ, ಹೊಟ್ಟೆ ತುಂಬ ಉಂಡು ಮಲಗುತ್ತೇವೆ. ಯಂಕವ್ವನ ಸಿಟ್ಟು ದಿನಾ ಬೆಳಿಗ್ಗೆ ಧಾರವಾಡದ ಮಾಳಮಡ್ಡಿಯ ಹಿಂದಿನ ಓಣಿಯಿಂದ ಎದ್ದು ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಿತ್ತು.

ಆ ಸಿಟ್ಟು ಹುಟ್ಟಿದ್ದು ಆಕೆಯ ಗಂಡ ಉಡಚಪ್ಪನಿಂದ. ಉಡಚಪ್ಪ ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಹಮಾಲ. ಟಿ.ಬಿ. ಬಂತು, ಗುಳಿಗೆ ತಿಂದ, ಎರಡೇ ತಿಂಗಳಲ್ಲಿ ಮೈ ಹತ್ತಿತು. 'ಇನ್ನ ಆರಾಮಾತು' ಎಂದು ಮತ್ತೆ ಹತ್ತಿಯ ಅಂಡಿಗೆ ಹೊರಲು ಹೋದ. ಉಳಿದ ಗುಳಿಗೆಗಳನ್ನು ಬಿಸಾಡಲಿಲ್ಲ. ಜೊತೆಯ ಹಮಾಲ ಕಮರುದ್ದೀನನೂ ಕೆಮ್ಮುತ್ತಿದ್ದ, ಅವನಿಗೆ ಕೊಟ್ಟ. ಬುತ್ತಿಯ ರೊಟ್ಟಿಯನ್ನು ಅರ್ಧ ಮುರಿದು ಕೊಟ್ಟು ರೂಢಿ ಇದ್ದವನು ಔಷಧವನ್ನೂ ಹಾಗೇ ಮುರಿದು ಕೊಟ್ಟಿದ್ದ. ಇಬ್ಬರೂ ಅರ್ಧರ್ಧ ವಾಸಿಯಾದರು. ವರ್ಷ ತುಂಬುವುದರೊಳಗೆ ಇಬ್ಬರೂ ಹೋದರು. 'ಅಷ್ಟ ಒಳ್ಳೇತನ ಯಾಕ ಬೇಕಾಗಿತ್ತಂತ ಅಂವಗ?' ಎಂದು ಯಂಕವ್ವ ಹತ್ತೊಂಬತ್ತು ವರ್ಷದ ನಂತರವೂ ಗೋಡೆಯ ಮೇಲಿನ ಫೋಟೋಕ್ಕೆ ಬೈಯುತ್ತಿದ್ದಳು.

ನೀಲಕಂಠಪ್ಪನವರ ಮನೆಯಲ್ಲಿ ಅವರ ಹೆಂಡತಿ ಸಂಗವ್ವ, ಅಂಗಡಿ ನೋಡಿಕೊಳ್ಳುವ ಮಗ ವಿಶಾಲ, ಸೊಸೆ ದಾಕ್ಷಾಯಿಣಿ, ಮೂರು ವರ್ಷದ ಮೊಮ್ಮಗಳು. ಮೊಮ್ಮಗಳ ಕಾಯಂ ಜಾಗ ಅಜ್ಜನ ತೊಡೆ. ಯಂಕವ್ವನಿಗೆ ಮೊದಲ ದಿನದಿಂದ ಕಣ್ಣಿಗೆ ಬಿದ್ದದ್ದು ಆ ತೊಡೆ, ಅದರ ಮೇಲಿನ ಕೂಸು, ಅದರ ನೆತ್ತಿಯ ಮೇಲೆ ಬೀಳುವ ಕೆಮ್ಮು.

"ಮನ್ಯಾಗಿನ ಎಲ್ಲಾರೂ ಒಮ್ಮೆ ತಪಾಸ ಮಾಡಿಸ್ಕೋರಿ. ಕೂಸಿಗೆ ಮೊದಲ ಗುಳಿಗಿ ಚಾಲೂ ಮಾಡೂನು, ಜಡ್ಡು ಬರದಂಗ," ಎಂದಳು.

"ಊರ ಮಂದಿ ಮುಂದ ಮನೀ ಮಂದೆಲ್ಲಾ ಸಾಲು ಹಚ್ಚಿ ದವಾಖಾನಿಗೆ ಹೋಗಬೇಕೇನ?" ಎಂದ ವಿಶಾಲ. "ನಮ್ಮ ಮನ್ಯಾಗ ಯಾರಿಗೂ ಏನಿಲ್ಲ. ನೀವು ಅಪ್ಪಾರಿಗೆ ಗುಳಿಗಿ ಕೊಟ್ಟು ನಡೀರಿ."

ಅಲ್ಲಿಗೆ ಆ ಕೂಸಿಗೆ ಉಳಿದ ಕಾವಲು ಒಂದೇ. ಅಜ್ಜ ದಿನಾ ನುಂಗುವ ಮೂರು ಗುಳಿಗೆ. ಹಾಗಾಗಿ ಯಂಕವ್ವ ಆ ಮೂರು ಗುಳಿಗೆಯ ಮೇಲೆ ಕಣ್ಣಿಟ್ಟು ಎರಡು ತಿಂಗಳು ಆ ಕಟ್ಟೆಯ ಹತ್ತಿರ ನಿಂತಳು.

ಕಟ್ಟೆಯ ಹತ್ತಿರ ನಿಂತಳು ಎಂದೆನಲ್ಲ, ಅದರ ಮೇಲೆ ಕೂತಳು ಎನ್ನಲಿಲ್ಲ. ಆಕೆಯ ಜಾತಿಯವರು ಆ ಕಟ್ಟೆಯ ಮೇಲೆ ಕೂತ ದಾಖಲೆ ಇರಲಿಲ್ಲ. ಚಹ ಮಾತ್ರ ಬರುತ್ತಿತ್ತು. ಸಂಗವ್ವ ಸೆರಗು ಮೂಗಿನವರೆಗೂ ಎಳೆದುಕೊಂಡು, ದೂರದಿಂದ ಕಾಗದದ ಕಪ್ಪನ್ನು ಕಟ್ಟೆಯ ಅಂಚಿಗಿಟ್ಟು ಒಳಗೆ ಹೋಗುವಳು. ಮನೆಯವರಿಗೆಲ್ಲ ಸ್ಟೀಲಿನ ಲೋಟ. ಯಂಕವ್ವನ ಅವ್ವನ ಕಾಲದಲ್ಲಿ ಇದೇ ಊರಲ್ಲಿ ಕಿವಿ ಮುರಿದ ಕಪ್ಪೊಂದನ್ನು ಗೋಡೆಯ ಗೂಡಿನಲ್ಲಿ ಇಟ್ಟಿರುತ್ತಿದ್ದರು, ಕುಡಿದವರೇ ತೊಳೆದಿಡಬೇಕಿತ್ತು. ಈಗ ಕುಡಿದು ಬಿಸಾಡಬಹುದು. ಪ್ರಗತಿ ಇಲ್ಲ ಎಂದವರು ಯಾರು?

ಒಂದು ದಿನ ಯಂಕವ್ವ ಆ ಕಪ್ಪನ್ನು ಎತ್ತಿಕೊಳ್ಳಲಿಲ್ಲ.

"ಸಂಗವ್ವಾರ, ಜಡ್ಡು ಇರೂದು ನಿಮ್ಮ ಮನ್ಯಾಗ್ರಿ. ಬ್ಯಾರೆ ಲೋಟಾ ನನಗ ಯಾಕ? ಅಂಜಬೇಕಾದಾಕಿ ನಾನು."

ಮಾತು ಮೆಲ್ಲಗೇ ಆಡಿದ್ದಳು, ಯಂಕವ್ವನ ಮೆಲ್ಲಗೆ. ಆರನೆಯ ಮನೆಯವರೆಗೂ ಕೇಳಿತು. 'ನೆಗಡಿ' ಎಂದು ಎರಡು ತಿಂಗಳು ಜತನ ಮಾಡಿದ ಗುಟ್ಟು ಊರ ತುಂಬ ಹಬ್ಬಿತು. ಮೂರನೆಯ ದಿನ ವಿಶಾಲನ ಪತ್ರ ರಾಯಾಪುರಕ್ಕೆ ಬಂತು.

ಸಂಸ್ಥೆಯ ಸಂಯೋಜಕ ಶಶಿಕುಮಾರ ಯಂಕವ್ವನ ಓಣಿಯಲ್ಲೇ ಬೆಳೆದವನು. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ್ದ. ಮೂವತ್ನಾಲ್ಕು ವರ್ಷವಾದರೂ ಯಂಕವ್ವನ ಮುಂದೆ ಅವನಿಗೆ ಇನ್ನೂ ಚಡ್ಡಿಯಲ್ಲಿದ್ದಂತೆ ಅನಿಸುತ್ತಿತ್ತು.

"ಅಕ್ಕಾರ, ವಿಶಾಲ ಸಾವಕಾರ್ರು ಕಂಪ್ಲೇಂಟ್ ಬರದಾರ."

"ಏನಂತ?"

"ನೀವು ಅವರ ಅಪ್ಪಾರಿಗೆ ಓಣ್ಯಾಗ ನಿಂತು... ಅದನ್ನ ಕೇಳತೀರಿ ಅಂತ."

"ಯಾವದನ್ನ?"

ಶಶಿಕುಮಾರ ಕಾಗದ ನೋಡಿದ. ಅದರಲ್ಲಿ 'ಶಾರೀರಿಕ ವಿಸರ್ಜನೆ' ಎಂದಿತ್ತು. ಅದನ್ನೇ ಓದಿದ.

"ಉಚ್ಚಿ ಅನ್ನಾಕ ನಿನಗ ನಾಚಿಕಿ ಬರತೈತಿ. ಆ ಕೂಸಿಗೆ ಜಡ್ಡು ಹಚ್ಚಾಕ ಅವರಿಗೆ ನಾಚಿಕಿ ಬರವಲ್ದು. ಛಲೋ ಆತು ತಮ್ಮಾ."

"ಹಂಗಲ್ರಿ ಅಕ್ಕಾರ. ಮುಂದಿನ ತಿಂಗಳ ನೆರವು ಕೊಡಾವ್ರು ನೋಡಾಕ ಬರತಾರ. ಇಂಥಾ ಹೊತ್ತಿನ್ಯಾಗ ಕಂಪ್ಲೇಂಟು... ಹುಬ್ಬಳ್ಳ್ಯಾಗ ಮೂರ ದಿನದ ತರಬೇತಿ ಐತಿ. ಹೋಗಿ ಬರ್ರಿ. ಒಂದ ತಿಂಗಳ ಅವರು ಹೇಳಿದಂಗ ಮಾತಾಡ್ರಿ. ಇನ್ನೊಂದ ಕಂಪ್ಲೇಂಟ್ ಬಂತಂದ್ರ ನಿಮ್ಮನ್ನ ಆಫೀಸ್‌ನ್ಯಾಗ ಕುಂದರಸಬೇಕಾಗತೈತಿ, ಡಬ್ಬಿಗೆ ಚೀಟಿ ಹಚ್ಚಾಕ."

ಡಬ್ಬಿಗೆ ಚೀಟಿ ಹಚ್ಚಲು ಯಾರಾದರೂ ಸಿಕ್ಕಾರು. ಕಟ್ಟೆಯ ಹತ್ತಿರ ನಿಲ್ಲಲು? ಯಂಕವ್ವ ತರಬೇತಿಗೆ ಹೋದಳು.

ಹುಬ್ಬಳ್ಳಿಯ ಹೋಟೆಲೊಂದರ ತಣ್ಣನೆಯ ಹಾಲ್‌ನಲ್ಲಿ ಸುಜಾತಾ ಮೇಡಮ್ ಎಂಬ ತರಬೇತುದಾರಳು ಕರುಣೆಯ ಬಗ್ಗೆ ಮೂರು ದಿನ ಪಾಠ ಮಾಡಿದಳು. ಒಳ್ಳೆಯ ಹೆಣ್ಣುಮಗಳು. ಸಿಟ್ಟು ಎಂಬುದೊಂದು ಇದೆ ಎಂದು ಪುಸ್ತಕದಲ್ಲಿ ಓದಿ ತಿಳಿದವಳ ಹಾಗಿದ್ದಳು. ರೋಗಿಗೆ ಆಜ್ಞೆ ಮಾಡಬಾರದು, ಅವರ ಭಾವನೆ ಕೇಳಬೇಕು. ಬಾಯಿ ತೆರೆಸಿ ನೋಡುವುದು ಅವರ ಘನತೆಗೆ ಕುಂದು, ನಂಬಬೇಕು. ಮೂತ್ರದ ವಿಚಾರ ಎತ್ತಲೇಬಾರದು. ಮತ್ತೆ, ನಗಬೇಕು.

ಎರಡನೆಯ ದಿನ ಮೇಡಮ್ ತಾನೇ ರೋಗಿಯ ಪಾತ್ರ ಹಾಕಿ ಯಂಕವ್ವನ ಎದುರು ಕೂತಳು. "ನನಗೆ ಗುಳಿಗೆ ಬೇಡ ಅನ್ನಿಸ್ತಾ ಇದೆ."

"ಯಾಕ, ನಿಮ್ಮಪ್ಪನ ಮನಿ ಗಂಟು ಹೋಗತೈತೇನ?"

ಹಾಲ್ ನಕ್ಕಿತು. ಮೇಡಮ್ ನಗಲಿಲ್ಲ. "ಇದನ್ನೇ ಗೌರವದಿಂದ ಹೇಗೆ ಹೇಳಬಹುದು? ಯೋಚನೆ ಮಾಡಿ."

ಯಂಕವ್ವ ಯೋಚನೆ ಮಾಡಿದಳು. "ಯಾಕ್ರಿ, ನಿಮ್ಮಪ್ಪಾರ ಮನಿ ಗಂಟು ಹೋಗತೈತೇನ್ರಿ?"

ಆದರೆ ಕಲಿತಳು. ಕಲಿಯಲೇಬೇಕಿತ್ತು. ನಾಲ್ಕನೆಯ ದಿನ ಬಸ್ಸಿನಿಂದ ಸಪ್ಪಳವಿಲ್ಲದೆ ಇಳಿದಳು. ಕಂಡಕ್ಟರ್ "ಯಾಕ ಯಂಕವ್ವಾ, ಮೈಯಾಗ ಆರಾಮಿಲ್ಲೇನ?" ಎಂದ.

ಮೊದಲ ಮನೆ ದರ್ಜಿ ಗುಲಾಬಸಾಬನದು. ಅವನದು ಐದನೆಯ ತಿಂಗಳು. "ಗುಲಾಬಸಾಬಣ್ಣಾ, ನಿಮಗ ಅನುಕೂಲ ಆದಾಗ ಗುಳಿಗಿ ತಗೊಳ್ರಿ," ಎಂದು ಯಂಕವ್ವ ಹಲ್ಲು ತೋರಿಸಿದಳು. ಗುಲಾಬಸಾಬನ ಕಾಲು ಮಶೀನಿನ ಮೇಲೆ ಅಲ್ಲಾಡದೆ ನಿಂತಿತು.

"ಯವ್ವಾ, ನಮ್ಮಿಂದ ಏನರೆ ತಪ್ಪಾತೇನ?"

"ಏನೂ ಇಲ್ರಿ."

"ಮತ್ತ ಹಿಂಗ್ಯಾಕ ಮಾತಾಡತೀ ನಮ್ಮ ಕೂಡ?" ಎಂದು ಅವನ ಹೆಂಡತಿ ಹಾಜರಾಬಿ ಲಿಂಬೆಹಣ್ಣಿನ ಶರಬತ್ತು ಮಾಡಿ ತಂದಳು. ಗುಲಾಬಸಾಬ ಹೇಳಿಸಿಕೊಳ್ಳದೆ ಮೂರು ಗುಳಿಗೆ ನುಂಗಿ, ತಾನೇ ಬಾಯಿ ತೆರೆದು, ನಾಲಿಗೆ ಎತ್ತಿ, ಎಡಗಲ್ಲ ಬಲಗಲ್ಲ ತೋರಿಸಿ ನಿಂತ.

ಅಲ್ಲಿಂದ ಸಾವಕಾರರ ಕಟ್ಟೆ.

"ನಮಸ್ಕಾರ್ರಿ ಸಾವಕಾರ್ರ. ಇವತ್ತ ನಿಮಗ ಹೆಂಗ ಅನಸಾಕತ್ತೈತ್ರಿ?"

ನೀಲಕಂಠಪ್ಪನವರು ಮಾತಾಡಿದವರು ಯಾರೆಂದು ಹಿಂದೆ ನೋಡಿದರು. ಹಿಂದೆ ಗೋಡೆ ಇತ್ತು.

"ಏನಂದಿ?"

"ನಿಮ್ಮ ಮನಸಿಗೆ ಹೆಂಗ ಅನಸಾಕತ್ತೈತಿ ಅಂತ್ರಿ. ಸಾವಕಾಶ ತಗೊಳ್ರಿ ಗುಳಿಗಿ, ಗಡಿಬಿಡಿ ಏನಿಲ್ಲ."

ಹಿರಿಯರ ಮುಖದ ಮೇಲೆ ವಿಭೂತಿಗೂ ಚರ್ಮಕ್ಕೂ ಬಣ್ಣದ ವ್ಯತ್ಯಾಸ ಉಳಿಯಲಿಲ್ಲ. ಮೆಲ್ಲಗೆ ಕೇಳಿದರು, "ಯಂಕವ್ವಾ, ದವಾಖಾನಿಯವರು ನಿನಗ ಏನರೆ ಹೇಳಿ ಕಳಸ್ಯಾರೇನ?"

"ಇಲ್ರಿ, ಎಲ್ಲಾ ಛಲೋ ಐತ್ರಿ," ಎಂದು ಯಂಕವ್ವ ಹೇಳಿಕೊಟ್ಟಂತೆ ನಕ್ಕಳು.

ಆ ನಗು ಕೆಲಸ ಮುಗಿಸಿತು. ಹನ್ನೊಂದು ವರ್ಷದ ಹಿಂದೆ ನೀಲಕಂಠಪ್ಪನವರ ಅಣ್ಣ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು ದಿನಾ ಬೈಯುತ್ತಿದ್ದರು, ಬೀಡಿ ಬಿಡು, ಎದ್ದು ತಿರುಗಾಡು, ಎಂದು. ಒಂದು ದಿನ ಬೈಯಲಿಲ್ಲ. ಹೆಗಲ ಮೇಲೆ ಕೈಯಿಟ್ಟು, ನಕ್ಕು, "ಮನಿಗೆ ಕರಕೊಂಡ ಹೋಗ್ರಿ, ಏನ ಬೇಡತಾರೋ ಅದನ್ನ ಉಣಸ್ರಿ" ಎಂದರು. ವಾರದಲ್ಲಿ ಅಣ್ಣ ಇರಲಿಲ್ಲ. ಅಂದಿನಿಂದ ನೀಲಕಂಠಪ್ಪನವರ ಲೆಕ್ಕದಲ್ಲಿ ಮೆತ್ತಗಿನ ಮಾತು ಎಂದರೆ ಒಂದೇ ಅರ್ಥ. ಬೇರೆ ಯಾರೋ ಆಡಿದ್ದರೆ ಅನುಮಾನ ಪಡಬಹುದಿತ್ತು. ಯಂಕವ್ವನೇ ಆಡಿದ ಮೇಲೆ ಇನ್ನೇನು ಉಳಿಯಿತು?

ಮೂರು ದಿನ ನೋಡಿದರು. ಯಂಕವ್ವ ಮೂರು ದಿನವೂ ನಕ್ಕಳು. ನಾಲ್ಕನೆಯ ದಿನ ನಿಶ್ಚಯ ಮಾಡಿದರು. ಹೇಗೂ ಹೋಗುವವನು ಹೊಟ್ಟೆ ಉರಿಯುವ ಗುಳಿಗೆ ಯಾಕೆ ನುಂಗಬೇಕು? ಮರುದಿನದಿಂದ ಆಕೆಯ ಎದುರು ಗಲ್ಲದಲ್ಲಿ ಒತ್ತರಿಸಿಕೊಂಡು, ಆಕೆ ಓಣಿ ತಿರುಗಿದ ಮೇಲೆ ದಾಸವಾಳದ ಗಿಡದ ಬುಡಕ್ಕೆ ಉಗುಳಿ ಮಣ್ಣು ಎಳೆದರು. ಹೆದರಿ ಅಳುವ ಮನುಷ್ಯರಲ್ಲ ಅವರು. ಹೋಗುವುದಿದ್ದರೆ ನೆಟ್ಟಗೆ ಹೋಗೋಣ ಎಂದು ತಂಗಿಯರಿಗೆ, ಅವರ ಗಂಡಂದಿರಿಗೆ ಫೋನು ಮಾಡಿಸಿದರು. ಮನೆಯಲ್ಲಿ ಕಾರಣ ಹೇಳಲಿಲ್ಲ. "ಎಲ್ಲಾರನೂ ನೋಡಬೇಕ ಅನಸೇತಿ" ಎಂದರು.

ಯಂಕವ್ವ ದಿನಾ ಬಂದಳು. ಬಾಯಿ ತೆರೆಸಲಿಲ್ಲ. ಬಣ್ಣ ಕೇಳಲಿಲ್ಲ. ಪುಸ್ತಕದಲ್ಲಿ ದಿನಾ ಒಂದು ಸರಿ ಗುರುತು ಹಾಕಿದಳು. ಹಿರಿಯರ ಕಣ್ಣು ಒಳಗೆ ಹೋಗುತ್ತಿರುವುದು ಕಾಣುತ್ತಿತ್ತು, ನಿಂತಿದ್ದ ಕೆಮ್ಮು ಮತ್ತೆ ಕೇಳುತ್ತಿತ್ತು. ಕೇಳಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಹದಿನೇಳು ವರ್ಷ ಹೊರಗೆ ಹೋಗಿ ರೂಢಿಯಾದ ಸಿಟ್ಟು ಒಳಗೇ ಕೂತು ಹುಳಿತೇಗು ಬರಿಸಿತು. ಔಷಧದ ಅಂಗಡಿಯಲ್ಲಿ ಜೀವನದಲ್ಲಿ ಮೊದಲ ಸಲ ತನಗೆಂದು ಗುಳಿಗೆ ಕೊಂಡಳು.

ಹದಿನೈದನೆಯ ದಿನ, ಆಕೆ ಊರು ಮುಗಿಸಿ ಧಾರವಾಡ ಮುಟ್ಟಿದ ಹೊತ್ತಿಗೆ ಫೋನು ಬಂತು.

"ಯಂಕವ್ವಾರ, ನಾ ದಾಕ್ಷಾಯಿಣಿರಿ. ಹಿತ್ತಲದಾಗ ನಿಂತೇನಿ, ಜೋರಲೆ ಮಾತಾಡಬ್ಯಾಡ್ರಿ."

"ನಾ ಜೋರಲೆ ಮಾತಾಡೂದ ಬಿಟ್ಟೇನ್ವಾ. ಹೇಳು."

"ದಾಸಾಳ ಗಿಡದ ಬುಡಕ ಮಣ್ಣ ಸಡ್ಲ ಮಾಡಾಕ ಹೋದೆ. ಗುಳಿಗಿ ಸಿಕ್ಕುವು. ಅರ್ಧಕ್ಕರ್ಧ ಕರಗ್ಯಾವು. ಎಣಿಸಿದೆ, ಮೂವತ್ಮೂರದಾವು." ದನಿ ಇನ್ನೂ ತಗ್ಗಿಸಿದಳು. "ಕೂಸು ನಿನ್ನಿಂದ ಕೆಮ್ಮಾಕತ್ತೈತ್ರಿ."

ಮೂವತ್ಮೂರು ಎಂದರೆ ಹನ್ನೊಂದು ದಿನ. ಆ ಹನ್ನೊಂದು ದಿನಕ್ಕೂ ಯಂಕವ್ವನ ಪುಸ್ತಕದಲ್ಲಿ ಸರಿ ಗುರುತು ಇತ್ತು, ಆಕೆಯದೇ ಕೈಯ ಗುರುತು.

ಮರಳಿ ಹೋಗುವ ಬಸ್ಸಿನಲ್ಲಿ ಆಕೆಗೆ ಕೂರಲು ಜಾಗವಿತ್ತು, ಕೂರಲಿಲ್ಲ. ಹೋಟೆಲಿನ ತಣ್ಣನೆಯ ಹಾಲ್ ಮೇಲೆ ಸಿಟ್ಟು ಬಂತು, ಪತ್ರ ಬರೆದ ವಿಶಾಲನ ಮೇಲೆ ಬಂತು, ಪತ್ರಕ್ಕೆ ಹೆದರಿದ ಶಶಿಯ ಮೇಲೆ ಬಂತು. ಎಲ್ಲಾ ಸುತ್ತಿ ಬಂದು ಕೊನೆಗೆ ತನ್ನ ಮೇಲೆಯೇ ನಿಂತಿತು. ಕಣ್ಣಿಗೆ ಕಂಡದ್ದನ್ನು ಬಿಟ್ಟು ಹಲ್ಲು ಕಿಸಿದು ಗುರುತು ಹಾಕಿದವಳು ತಾನಲ್ಲವೇ?

ಪಡಸಾಲೆ ತುಂಬ ಮಂದಿ ಇದ್ದರು. ಇಬ್ಬರು ತಂಗಿಯರು, ಅವರ ಗಂಡಂದಿರು, ಮಕ್ಕಳು. ಹೋಳಿಗೆಯ ಊಟ ಆಗಿತ್ತು. ಅಂಗಡಿ ಬಿಟ್ಟು ಬಂದಿದ್ದ ವಿಶಾಲ ಬಾಗಿಲ ಹತ್ತಿರ ನಿಂತಿದ್ದ. ಹಿರಿಯರಿಗೆ ಗಾಳಿ ಬಡಿಯಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ನಡುವೆ ಲೋಡಿಗೆ ಒರಗಿದ ನೀಲಕಂಠಪ್ಪನವರು, ತೊಡೆಯ ಮೇಲೆ ಕೂಸು. ಅಜ್ಜ ಕೆಮ್ಮಿದರು. ಕೂಸು ಅವರ ಮುಖ ನೋಡಿ ತಾನೂ ಕೆಮ್ಮಿತು.

ಯಂಕವ್ವ ಕಟ್ಟೆಯ ಹತ್ತಿರ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದಳು. ಮೊದಲು ಎರಡೂ ಕಿಟಕಿ ತೆರೆದಳು.

"ದಾಕ್ಷಾಯಿಣಿ, ಕೂಸಿನ್ನ ಎತಗೊಂಡು ಹೊರಗ ನಡಿ."

"ಬಾ ಯಂಕವ್ವಾ," ಎಂದರು ನೀಲಕಂಠಪ್ಪನವರು ಶಾಂತವಾಗಿ. "ಭಾಳ ಮಾಡಿದಿ ನನಗ. ನಿನ್ನ ಋಣಾ..."

"ಋಣಾ ಇರಲಿ. ಗುಳಿಗಿ ಎಲ್ಲೆ ಹಾಕೀರಿ?"

"ಸಾಯಾವಂಗ ಗುಳಿಗಿ ಯಾಕವ್ವಾ?"

"ಯಾರ್ರಿ ಸಾಯಾವ್ರು?"

"ನೀನ ಅಲ್ಲ, ಹೇಳಿದಾಕಿ?"

"ನಾ ಯಾವಾಗ ಹೇಳೇನಿ?"

"ಬಾಯಿಲೆ ಹೇಳಿಲ್ಲ. ಹದಿನೈದ ದಿವಸ ಆತು, ನೀ ಬೈಯವಲ್ಲಿ. ಬಾಯಿ ತಗಿ ಅನ್ನವಲ್ಲಿ. ನಕ್ಕೊಂತ ಬರತಿ, ನಕ್ಕೊಂತ ಹೋಗತಿ. ನಮ್ಮಣ್ಣಗೂ ಕಡೀಕ ಹಿಂಗ ಮಾಡಿದ್ರು. ಸಣ್ಣ ಹುಡಗೇನ ನಾನು, ತಿಳಿಯಾಂಗಿಲ್ಲೇನ?"

 ಇದೆಲ್ಲ ತನ್ನ ನಗು ಮಾಡಿದ ಕೆಲಸ ಎಂದು ಯಂಕವ್ವನಿಗೆ ತಿಳಿಯಿತು. ಆಮೇಲೆ ಹದಿನೈದು ದಿನ ಹುಳಿತೇಗಾಗಿ ನಿಂತಿದ್ದು ಒಮ್ಮೆಲೇ ಹೊರಗೆ ಬಂತು.

"ಸಾಯೂದಂದ್ರ ಹೋಳಿಗಿ ಊಟ ಅಂತ ತಿಳದೀರೇನ್ರಿ? ಬೀಗರನ್ನೆಲ್ಲಾ ಕರದು, ಲೋಡಿಗೆ ಆತು ಕುಂತು? ನನ್ನ ಗಂಡ ಸತ್ತದ್ದ ಕೇಳ್ರಿ. ನಿಮ್ಮಂಥಾವರ ಹತ್ತಿ ಅಂಡಿಗಿ ಹೊತ್ತು, ಅದಽ ಅಂಡಿಗಿ ಮ್ಯಾಲೆ ರಕ್ತಾ ಕಾರಿ ಸತ್ತಾ. ಅಂವಗ ಗುಳಿಗಿ ಪೂರಾ ನುಂಗಂತ ಬೈಯಾಕ ಒಂದ ನರಪಿಳ್ಳಿ ಬಾಗಲಕ್ಕ ಬರಲಿಲ್ಲ. ನಿಮಗ ದಿನಾ ನಸಿಕ್ಲೆ ಎದ್ದು ಬಸ್ ಹತ್ತಿ ತಂದ ಕೊಟ್ರ ಗಿಡಕ್ಕ ಗೊಬ್ಬರಾ ಮಾಡೀರಿ. ಸಾಯ್ರಿ, ಯಾರು ಬ್ಯಾಡಂದಾರ? ಆದ್ರ ಅರ್ಧಾ ಗುಳಿಗಿ ತಿಂದು ಜಡ್ಡಿಗೆ ಮೈ ಬಲಿಸಿ, ನಾಳೆ ಯಾವ ಗುಳಿಗಿಗೂ ಬಗ್ಗದಂಗ ಮಾಡಿ, ಅದನ್ನ ಆ ಕೂಸಿನ ಎದ್ಯಾಗ ಇಟ್ಟ ಹೋಗಬ್ಯಾಡ್ರಿ. ಹೊಲಾ ಇಟ್ಟ ಹೋಗ್ರಿ. ಅಂಗಡಿ ಇಟ್ಟ ಹೋಗ್ರಿ. ಇದನ್ನ ಇಟ್ಟ ಹೋಗಬ್ಯಾಡ್ರಿ."

ವಿಶಾಲ ಬಾಯಿ ತೆರೆದ. "ನೀವು ಬಾಯಿ ಮುಚ್ಚರಿ," ಎಂದಳು ಯಂಕವ್ವ. "ಎರಡ ತಿಂಗಳ ಹಿಂದ ಕೂಸಿನ್ನ ತಪಾಸ ಮಾಡಸ್ರಿ ಅಂದ್ರ ಊರ ಮಂದಿಗೆ ಅಂಜಿದಿರಿ. ಈಗ ಕೂಸು ಕೆಮ್ಮೂದು ಊರ ಮಂದಿಗೆ ಕೇಳಸಾಂಗಿಲ್ಲೇನ?"

ನೀಲಕಂಠಪ್ಪನವರು ಆಕೆಯನ್ನೇ ನೋಡುತ್ತಿದ್ದರು. ಬೈಗುಳ ಬಿದ್ದಂತೆಲ್ಲ ಅವರ ಮುಖಕ್ಕೆ ಬಣ್ಣ ಬರುತ್ತಿತ್ತು. ಲೋಡು ಬಿಟ್ಟು ನೆಟ್ಟಗೆ ಕೂತರು.

"ಅಂದ್ರ ಯಂಕವ್ವಾ... ನಾ ಸಾಯೂದಿಲ್ಲ?"

"ಹಿಂಗ ಮಾಡಿದ್ರ ಖರೇನ ಸಾಯತೀರಿ. ನುಂಗಿದ್ರ ಬದಕತೀರಿ. ಬಾಯಿ ತಗೀರಿ."

ಮೂಲೆಯಲ್ಲಿ ನೀರಿನ ತಂಬಿಗೆ ಇತ್ತು. ಯಂಕವ್ವ ಚೀಲದಿಂದ ಮೂರು ಗುಳಿಗೆ ತೆಗೆದು ಕೊಟ್ಟು ಅದನ್ನು ಎತ್ತಿದಳು. ಇಬ್ಬರು ತಂಗಿಯರೂ ಒಟ್ಟಿಗೆ ಆ ಕೈ ನೋಡಿದರು. ನೀಲಕಂಠಪ್ಪನವರೂ ನೋಡಿದರು, ಕೈಯನ್ನು, ಬೀಗರನ್ನು, ಮತ್ತೆ ಕೈಯನ್ನು. ಆಮೇಲೆ ತಂಬಿಗೆ ಇಸಿದುಕೊಂಡು ಮೂರೂ ಗುಳಿಗೆ ನುಂಗಿದರು. ನಾಲಿಗೆ ಎತ್ತಿದರು.

ಆಗ ಅಡುಗೆಮನೆಯ ಬಾಗಿಲಲ್ಲಿ ಕೆಮ್ಮು ಕೇಳಿತು. ಬಟ್ಟೆಯಲ್ಲಿ ಸುತ್ತಿ ಒತ್ತಿ ಹಿಡಿದ ಕೆಮ್ಮು. ಬೇರೆ ಯಾರಿಗೂ ಕೇಳಿಸದಿರಲೆಂದು ರೂಢಿ ಮಾಡಿಕೊಂಡದ್ದು. ಸಂಗವ್ವ ಸೆರಗು ಬಾಯಿಗೊತ್ತಿ ನಿಂತಿದ್ದಳು. ಯಂಕವ್ವ ಹತ್ತಿರ ಹೋದಳು.

"ಎಂದಿನಿಂದ ಐತ್ರಿ ಇದು?"

"ಒಗ್ಗರಣಿ ಘಾಟು."

"ಒಲಿ ಆರಿ ತಾಸಾಗೇತಿ. ಎಂದಿನಿಂದ?"

ಸಂಗವ್ವ ನೆಲ ನೋಡಿದಳು. "ಹಟ್ಟಿ ಹಬ್ಬದಿಂದ."

ದೀಪಾವಳಿಯ ಹಟ್ಟಿ ಹಬ್ಬ ಆಗಿ ನಾಲ್ಕು ತಿಂಗಳಾಗಿತ್ತು. ಅಂದರೆ ಗಂಡನಿಗಿಂತ ಮೊದಲು. ಮನೆಯಲ್ಲಿ ಕೆಮ್ಮಿದವರನ್ನು ಹುಬ್ಬಳ್ಳಿಯ ದೊಡ್ಡ ಡಾಕ್ಟರಿಗೆ ತೋರಿಸಿದ್ದರು. ಆದರೆ ಆ ಕೆಮ್ಮು ಯಜಮಾನರದಾಗಿರಬೇಕಿತ್ತು. ಅಡುಗೆ ಮಾಡುವವಳದನ್ನು ಕೇಳಿದವರಿಲ್ಲ. ಎರಡು ತಿಂಗಳು ಎದುರಿಗೇ ನಿಂತು, ಕಾಗದದ ಕಪ್ಪನ್ನಷ್ಟೇ ನೋಡಿ, ಮೂಗಿನ ಮೇಲಿನ ಸೆರಗು ತನ್ನ ಮೇಲಿನ ಅಸಹ್ಯ ಎಂದು ತಿಳಿದ ಯಂಕವ್ವನೂ ಕೇಳಿರಲಿಲ್ಲ. ಆ ಸಿಟ್ಟು ಯಾರ ಮೇಲೆ ಹಾಕಬೇಕೆಂದು ಆಕೆಗೆ ತಿಳಿಯಲಿಲ್ಲ.

"ಮತ್ತ ಆ ಕಾಗದದ ಕಪ್ಪು? ಅದೂ ಈ ಕೆಮ್ಮಿನ ಸಂಬಂಧ ಏನ್ರಿ?"

ಸಂಗವ್ವ ಸುಳ್ಳು ಹೇಳುವ ಹೆಂಗಸಲ್ಲ. "ಇಲ್ಲವಾ. ಅದು ಬ್ಯಾರೆ. ಅದು ಮೊದಲಿಂದನೂ ಹಂಗಽ."

ಯಂಕವ್ವ ವಿಶಾಲನ ಕಡೆ ತಿರುಗಿದಳು. "ಗಾಡಿ ತಗೀರಿ. ಮನೀ ಮಂದೆಲ್ಲಾ ಹತ್ತರಿ. ಈಗ."

ಐದು ದಿನದಲ್ಲಿ ಫಲಿತಾಂಶ ಬಂತು. ನೀಲಕಂಠಪ್ಪನವರ ರೋಗಕ್ಕೆ ಹಳೆಯ ಗುಳಿಗೆ ಇನ್ನೂ ನಡೆಯುತ್ತಿತ್ತು, ತಪ್ಪಿಸಿದ ದಿನಗಳನ್ನು ಕೊನೆಗೆ ಕೂಡಿಸಿದರೆ ಸಾಕು. ಕೂಸಿನದು ಬರೀ ನೆಗಡಿ, ಈ ಮನೆಯಲ್ಲಿ ಮೊದಲ ಸಲ ಆ ಶಬ್ದ ಖರೇ ಅರ್ಥದಲ್ಲಿ ಬಳಕೆಯಾಯಿತು. ಅದಕ್ಕೆ ರೋಗ ಬರದಂತೆ ಗುಳಿಗೆ ಶುರು ಮಾಡಿದರು. ವಿಶಾಲ, ದಾಕ್ಷಾಯಿಣಿ ಇಬ್ಬರಿಗೂ ಏನಿಲ್ಲ. ಸಂಗವ್ವನಿಗೆ ಇತ್ತು, ಗಂಡನಿಗಿಂತ ಹೆಚ್ಚು.

ಎರಡನೆಯ ಪತ್ರವನ್ನು ವಿಶಾಲ ಬರೆಯಲಿಲ್ಲ. ಆದರೆ ತರಬೇತಿಯವರಿಂದ ಒಂದು ಅರ್ಜಿ ನಮೂನೆ ಬಂದಿತ್ತು, ತರಬೇತಿಯ ಪರಿಣಾಮ ಏನಾಯಿತು ಎಂದು ತಿಳಿಸಲು. ಶಶಿಕುಮಾರ ಪೆನ್ನು ಹಿಡಿದು ಕೇಳಿದ, "ಏನ ಬರೀಲಿ ಅಕ್ಕಾರ?"

"ಮೂವತ್ಮೂರ ಗುಳಿಗಿ ಮಣ್ಣಪಾಲಾದುವು ಅಂತ ಬರಿ."

"ಹಂಗ ಬರದ್ರ ನೆರವು ಕೊಡಾವ್ರು..."

"ಬರಿ. ಬರದ ಮ್ಯಾಲೆ ನನ್ನ ಮುಂದ ಓದು."

ಅವನು ಬರೆದ. ಓದುವಾಗ ಒಂದಕ್ಷರ ಬಿಡಲಿಲ್ಲ. ಯಂಕವ್ವನಿಗೆ ಅವನ ಮೇಲಿದ್ದ ಸಿಟ್ಟು ನಾಲ್ಕಾಣೆಯಷ್ಟು ಇಳಿಯಿತು. ಉಳಿದ ಹನ್ನೆರಡಾಣೆ ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ಆಕೆ ಎರಡು ಡಬ್ಬಿ ಹಿಡಿದು ಇಳಿದಳು. ನೀಲಕಂಠಪ್ಪನವರು ದೂರದಿಂದಲೇ "ಕೆಂಪಗಿತ್ತವಾ, ಕೆಂಪಗಿತ್ತು" ಎಂದು ಕೂಗಿದರು. ಅವರದು ಮುಗಿಯಿತು. ಸಂಗವ್ವ ಮಾತ್ರ ಹೊರಗೆ ಕಾಣಲಿಲ್ಲ. ದಾಕ್ಷಾಯಿಣಿ ಬಂದು ಮೆಲ್ಲಗೆ ಹೇಳಿದಳು, "ಅತ್ತಿಯಾರು ಅಡಗಿಮನ್ಯಾಗ ಅದಾರ್ರಿ. ಮಂದಿ ಮುಂದ ನುಂಗಾಕ ನಾಚಿಕಿ ಅಂತ. ನೀವ ಒಳಗ ಬರಬೇಕಂತ್ರಿ."

ಯಂಕವ್ವ ಅಡುಗೆಮನೆಯ ಕಡೆ ನೋಡಿದಳು. ಆ ಮನೆಯ ಅಡುಗೆಮನೆಗೆ ಆಕೆಯನ್ನು ಕರೆದದ್ದು ಇದೇ ಮೊದಲು. ಕಿಟಕಿಯಿಲ್ಲದ ಕೋಣೆ, ಗೋಡೆಗೆ ಹೊಗೆಯ ಕಪ್ಪು, ನಡುವೆ ಬಾಯಿಗೆ ಸೆರಗು ಒತ್ತಿಕೊಂಡ ಹೆಂಗಸು.

"ನಾ ಒಳಗ ಬರಾಂಗಿಲ್ಲ," ಎಂದಳು. ಓಣಿಗೆಲ್ಲ ಕೇಳಿತು. "ಅಲ್ಲೆ ಹವಾ ಇಲ್ಲ, ಬೆಳಕಿಲ್ಲ. ಸಂಗವ್ವಾರ, ನೀವ ಹೊರಗ ಬರ್ರಿ."

ಬಹಳ ಹೊತ್ತು ಯಾರೂ ಬರಲಿಲ್ಲ. ಎದುರು ಮನೆಯವರು ಕಸಬರಿಗೆ ಹಿಡಿದು ನಿಂತರು. ಯಂಕವ್ವ ಕದಲಲಿಲ್ಲ. ಒಳಗೆ ಬಳೆಯ ಸಪ್ಪಳವಾಯಿತು. ಮದುವೆಯಾಗಿ ನಲವತ್ನಾಲ್ಕು ವರ್ಷದಲ್ಲಿ ಊರ ಎದುರು ಆ ಕಟ್ಟೆಯ ಮೇಲೆ ಎಂದೂ ಕೂರದ ಸಂಗವ್ವ ಬಂದು, ಗಂಡನಿಂದ ಒಂದು ಮಾರು ದೂರ, ಬಿಸಿಲು ಬಿದ್ದ ಕಡೆ ಕೂತಳು.

"ಇನ್ನೂ ಈ ಕಡೆ ಸರೀರಿ. ಬಿಸಲು ಎದಿ ಮ್ಯಾಲೆ ಬೀಳಬೇಕು."

ಸಂಗವ್ವ ಸರಿದಳು.

"ಸೆರಗು ತಗೀರಿ. ಎಷ್ಟ ಮುಚ್ಚಿಟಗೊಂತೀರಿ? ಬಾಯಿ ತಗೀರಿ."